ವಿವಿಟಿ ಕೋಡ್ ಬಂತೇ? ಸೊಲೆನಾಯ್ಡ್ ಕೊಳ್ಳುವ ಮುಂಚೆ ಈ ಕ್ರಮದಲ್ಲಿ ನೋಡಿ

ಚೆಕ್ ಇಂಜಿನ್ ದೀಪ ಹತ್ತುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0011, ಅಂದರೆ ವಿವಿಟಿಯ (ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ವ್ಯವಸ್ಥೆಯ) ದೋಷದ ಕೋಡ್. ಹೊಸ ವಿವಿಟಿ ಸೊಲೆನಾಯ್ಡ್ ತಂದು ಹಾಕಿಸುತ್ತಾರೆ, ಕೋಡ್ ಅಳಿಸುತ್ತಾರೆ, ದೀಪ ಆರುತ್ತದೆ. ಹದಿನೈದು ದಿನ ಕಳೆದು ಆಗುಂಬೆ ಘಾಟಿ ಹತ್ತುವಾಗ ಅದೇ ದೀಪ, ಅದೇ ಕೋಡ್. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇದು ಮತ್ತೆ ಮತ್ತೆ ಆಗುವುದು ತಪಾಸಣೆಯ ಕ್ರಮ ತಲೆಕೆಳಗಾಗಿರುವುದರಿಂದ. ಕೊನೆಗೆ ಕೊಳ್ಳಬೇಕಾದ ಭಾಗವನ್ನು ಮೊದಲೇ ಕೊಳ್ಳುತ್ತಾರೆ. ಮೊದಲು ನೋಡಬೇಕಾದ ಆಯಿಲನ್ನು ಯಾರೂ ನೋಡುವುದಿಲ್ಲ.

ಕೆಳಗಿನ ಹಂತಗಳನ್ನು ಬರೆದಿರುವ ಅನುಕ್ರಮದಲ್ಲೇ ಮಾಡಿ. 1ರಿಂದ 6ರವರೆಗಿನದು ಮನೆಯ ಅಂಗಳದಲ್ಲಿ ಆಗುವ ಕೆಲಸ. 7 ಮತ್ತು 8ಕ್ಕೆ ಸ್ವಲ್ಪ ಕೈಪಳಗಿರಬೇಕು. 9 ಗ್ಯಾರೇಜಿನ ಕೆಲಸ.

ಒಳಗೆ ಏನಾಗುತ್ತದೆ, ಎರಡೇ ಮಾತಿನಲ್ಲಿ

ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ತುದಿಯಲ್ಲಿ, ಟೈಮಿಂಗ್ ಚೈನ್ ಕೂರುವ ಹಲ್ಲುಚಕ್ರದ ಒಳಗೆ ಒಂದು ಟೊಳ್ಳು ಡಬ್ಬಿ ಇದೆ. ಅದಕ್ಕೆ ಫೇಸರ್ ಎಂದು ಹೆಸರು. ಅಂಗಡಿಯಲ್ಲಿ ವಿವಿಟಿ ಸ್ಪ್ರಾಕೆಟ್ ಅಂತ ಕೇಳಿದರೂ ಕೊಡುತ್ತಾರೆ. ಡಬ್ಬಿಯ ಒಳಗಿನ ರೆಕ್ಕೆಗಳು ಕ್ಯಾಮ್‌ಶಾಫ್ಟಿಗೆ ಬಿಗಿದಿರುತ್ತವೆ, ಹೊರಕವಚ ಚೈನ್ ಜೊತೆ ತಿರುಗುತ್ತದೆ. ರೆಕ್ಕೆಯ ಒಂದು ಬದಿಗೆ ಇಂಜಿನ್ ಆಯಿಲ್ ಒತ್ತಡದಲ್ಲಿ ನುಗ್ಗಿದರೆ ಕ್ಯಾಮ್ ಕೆಲವು ಡಿಗ್ರಿ ಮುಂದಕ್ಕೆ ಸರಿಯುತ್ತದೆ, ಇನ್ನೊಂದು ಬದಿಗೆ ನುಗ್ಗಿದರೆ ಹಿಂದಕ್ಕೆ. ಯಾವ ಬದಿಗೆ ಎಷ್ಟು ಬಿಡಬೇಕು ಎನ್ನುವುದನ್ನು ಇಸಿಯು (ಇಂಜಿನ್ನಿನ ಕಂಪ್ಯೂಟರ್) ನಿರ್ಧರಿಸಿ, ಆಯಿಲ್ ಕಂಟ್ರೋಲ್ ವಾಲ್ವಿನ ಮೂಲಕ ಮಾಡಿಸುತ್ತದೆ. ಎಲ್ಲರೂ ವಿವಿಟಿ ಸೊಲೆನಾಯ್ಡ್ ಎನ್ನುವುದು ಈ ಹೆಬ್ಬೆರಳು ಗಾತ್ರದ ವಾಲ್ವಿಗೇ.

ಅಂದರೆ ಕ್ಯಾಮನ್ನು ತಿರುಗಿಸುವುದು ಕರೆಂಟಲ್ಲ, ಆಯಿಲ್. ಸೊಲೆನಾಯ್ಡ್ ಬರೀ ನಲ್ಲಿ. ನಲ್ಲಿಗೆ ನೀರೇ ಬರದಿದ್ದರೆ ನಲ್ಲಿ ಬದಲಿಸಿ ಏನು ಬಂತು?

ಮಾರುತಿಯ ಕೆ ಸರಣಿಯ ವಿವಿಟಿ ಇಂಜಿನ್, ಹ್ಯುಂಡೈನ ವಿಟಿವಿಟಿ, ಟೊಯೊಟಾದ ವಿವಿಟಿ-ಐ ಇವೆಲ್ಲ ಈ ಬಗೆಯವು. ಹೋಂಡಾದ ಐ-ವಿಟೆಕ್ ಮತ್ತು ಯಮಹಾದ ವಿವಿಎ ಬೇರೆ. ಅವುಗಳ ವಿಷಯ ಮುಂದೆ ಇದೆ.

ಬೇಕಾಗುವ ಸಾಮಾನು

ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಮತ್ತು ಫೋನು. ಓಮ್ ಅಳೆಯುವ ಮಲ್ಟಿಮೀಟರ್. 10 ಎಂಎಂ ಸಾಕೆಟ್, ಸಣ್ಣ ರ‍್ಯಾಚೆಟ್. 5ರಿಂದ 25 ನ್ಯೂಟನ್ ಮೀಟರ್ ವ್ಯಾಪ್ತಿಯ ಟಾರ್ಕ್ ರೆಂಚ್; ವೀಲ್ ನಟ್ ಬಿಗಿಯುವ ದೊಡ್ಡ ರೆಂಚು ಇಲ್ಲಿ ಕೆಲಸಕ್ಕೆ ಬಾರದು. ಒಂದು ಡಬ್ಬಿ ಬ್ರೇಕ್ ಕ್ಲೀನರ್. ಮೊಸಳೆ ಕ್ಲಿಪ್ ಇರುವ ಎರಡು ವೈರು, ಒಂದರಲ್ಲಿ 10 ಆಂಪಿಯರ್ ಫ್ಯೂಸ್. ನಿಮ್ಮ ಗಾಡಿಯದೇ ಭಾಗಸಂಖ್ಯೆಯ ಹೊಸ ಓರಿಂಗ್. ಒಂದು ಸಣ್ಣ ಅಯಸ್ಕಾಂತ. ಹಳೆಯ ಬಿಳಿ ಪಂಚೆಯ ತುಂಡು. ಬಣ್ಣದ ಬಟ್ಟೆ ಬೇಡ, ಕಾರಣ 5ನೇ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಕೋಡ್ ಓದಿ, ಬರೆದಿಡಿ, ಅಳಿಸಬೇಡಿ

ಸ್ಕ್ಯಾನರ್ ಚುಚ್ಚಿದ ತಕ್ಷಣ ಕ್ಲಿಯರ್ ಒತ್ತುವುದು ಅತಿ ಸಾಮಾನ್ಯ ತಪ್ಪು. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಎನ್ನುವ ದಾಖಲೆಯೂ ಅಳಿಸಿಹೋಗುತ್ತದೆ. ದೋಷ ಕಂಡ ಕ್ಷಣದಲ್ಲಿ ಆರ್‌ಪಿಎಂ ಎಷ್ಟು, ಕೂಲಂಟ್ ಬಿಸಿ ಎಷ್ಟು, ಲೋಡ್ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಡಿ.

ಕೋಡುಗಳನ್ನು ಮೂರು ಗುಂಪಾಗಿ ನೋಡಿ:

- ಪಿ0010 (ಇನ್‌ಟೇಕ್), ಪಿ0013 (ಎಕ್ಸಾಸ್ಟ್): ವಿದ್ಯುತ್ ಮಾರ್ಗದ ದೋಷ. ವೈರು, ಕನೆಕ್ಟರ್, ಸೊಲೆನಾಯ್ಡಿನ ಕಾಯಿಲ್. ಆಯಿಲ್ ಒಮ್ಮೆ ನೋಡಿಕೊಂಡು ನೇರ 4ನೇ ಹಂತಕ್ಕೆ ಹೋಗಬಹುದು.
- ಪಿ0011, ಪಿ0012 (ಇನ್‌ಟೇಕ್), ಪಿ0014, ಪಿ0015 (ಎಕ್ಸಾಸ್ಟ್): ಇಸಿಯು ಹೇಳಿದ ಕೋನಕ್ಕೆ ಕ್ಯಾಮ್ ಹೋಗಲಿಲ್ಲ, ಅಥವಾ ಹೋದದ್ದು ವಾಪಸ್ ಬರಲಿಲ್ಲ. ಆಯಿಲ್, ಅದನ್ನು ಸೋಸುವ ಜಾಲರಿ, ಸೊಲೆನಾಯ್ಡಿನೊಳಗೆ ಸರಿದಾಡುವ ಸ್ಪೂಲ್, ಫೇಸರ್ ಈ ಅನುಕ್ರಮದಲ್ಲಿ ಅನುಮಾನ ಪಡಿ.
- ಪಿ0016, ಪಿ0017: ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಮತ್ತು ಕ್ಯಾಮಿನ ಲೆಕ್ಕ ಹೊಂದುತ್ತಿಲ್ಲ. ಚೈನ್ ಹಿಗ್ಗಿರಬಹುದು, ಹಲ್ಲು ಹಾರಿರಬಹುದು. ಈ ಕೋಡ್ ಜೊತೆ ಇಂಜಿನ್ನಿನಲ್ಲಿ ಗರಗರ ಶಬ್ದವೂ ಇದ್ದರೆ ಗಾಡಿ ಓಡಿಸಬೇಡಿ, ರೇಸ್ ಮಾಡಲೂಬೇಡಿ.

ಪಿ0340 ಅಥವಾ ಪಿ0335 ಜೊತೆಗಿದ್ದರೆ ಕ್ಯಾಮ್ ಅಥವಾ ಕ್ರ್ಯಾಂಕ್ ಸೆನ್ಸರಿನ ಮಾರ್ಗವನ್ನು ಮೊದಲು ಸರಿಮಾಡಿ. ಕಣ್ಣೇ ಸರಿಯಿಲ್ಲದ ಇಸಿಯು ಕೊಟ್ಟ ವಿವಿಟಿ ಕೋಡನ್ನು ನಂಬುವ ಹಾಗಿಲ್ಲ.

ಇನ್ನು ಫ್ರೀಜ್ ಫ್ರೇಮ್. ಕೂಲಂಟ್ 25–40 ಡಿಗ್ರಿ ಇರುವಾಗ ಕೋಡ್ ಬಿದ್ದಿದ್ದರೆ ದಪ್ಪ ಆಯಿಲ್ ಅಥವಾ ಹಿಡಿದುಕೊಂಡ ಸ್ಪೂಲ್ ಕಡೆ ನೋಡಿ. ಇಂಜಿನ್ ಚೆನ್ನಾಗಿ ಕಾದು ಐಡ್ಲಿಂಗ್‌ನಲ್ಲಿ ನಿಂತಾಗ ಬಿದ್ದಿದ್ದರೆ ಆಯಿಲ್ ಒತ್ತಡ ಕಡಿಮೆ. 3000–4000 ಆರ್‌ಪಿಎಂನಲ್ಲಿ ಲೋಡ್ ಜಾಸ್ತಿ ಇರುವಾಗ ಬಿದ್ದಿದ್ದರೆ, ಅದೂ ಹುಲಿಕಲ್ ಅಥವಾ ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ, ಆಯಿಲ್ ಮಟ್ಟ ಇಳಿದಿರುವ ಸಾಧ್ಯತೆ ಹೆಚ್ಚು. ಕಡಿದಾದ ಏರಿನಲ್ಲಿ ತಿರುಗುವಾಗ ಇಂಜಿನ್ನಿನ ಅಡಿಯ ತೊಟ್ಟಿ, ಅಂದರೆ ಸಂಪಿನಲ್ಲಿರುವ ಆಯಿಲ್ ಒಂದು ಮೂಲೆಗೆ ಸರಿಯುತ್ತದೆ. ಮಟ್ಟ ಕಡಿಮೆಯಿದ್ದರೆ ಪಂಪಿನ ಹೀರುಬಾಯಿ ಕ್ಷಣಕಾಲ ಗಾಳಿ ಎಳೆಯುತ್ತದೆ, ಆಗ ಫೇಸರಿಗೆ ಒತ್ತಡ ಸಿಗುವುದಿಲ್ಲ.

ಹಂತ 2: ಆಯಿಲ್

ಮಲೆನಾಡಿನ ವಿವಿಟಿ ದೂರುಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತವೆ. ಅವಸರ ಮಾಡಬೇಡಿ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ನಮ್ಮ ಕಡೆಯ ಮನೆಯಂಗಳ ನೋಡಲು ಸಮವಾಗಿದ್ದರೂ ಮಳೆನೀರು ಹರಿದುಹೋಗಲೆಂದು ಒಂದು ಕಡೆ ಇಳಿಜಾರು ಇಟ್ಟಿರುತ್ತಾರೆ. ಡಿಪ್‌ಸ್ಟಿಕ್ ತಪ್ಪು ತೋರಿಸಲು ಅಷ್ಟು ಸಾಕು. ಬಿಸಿ ಇಂಜಿನ್ ಆರಿಸಿ 5–10 ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಮಟ್ಟ ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ ಇರಬೇಕು. ಕೆಳಗಿನ ಗುರುತಿನಲ್ಲಿದ್ದರೆ ಅನೇಕ ಗಾಡಿಗಳಲ್ಲಿ ಒಂದು ಲೀಟರಿನಷ್ಟು ಕಡಿಮೆ ಎಂದರ್ಥ. 3ರಿಂದ 4 ಲೀಟರ್ ಮಾತ್ರ ಹಿಡಿಯುವ ಸಣ್ಣ ಪೆಟ್ರೋಲ್ ಇಂಜಿನ್ನಿಗೆ ಅದು ಸಣ್ಣ ಕೊರತೆಯಲ್ಲ.

ಮಟ್ಟ ಸರಿಯಿದ್ದರೆ ಗುಣ ನೋಡಿ. ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ಅದರ ಅಡಿಭಾಗ ನೋಡಿ. ಹಳದಿ ಮಿಶ್ರಿತ ಬಿಳಿ ಕೆನೆ, ಕಡೆದ ಬೆಣ್ಣೆಯ ಹಾಗೆ ಅಂಟಿಕೊಂಡಿದ್ದರೆ ನೀರು ಸೇರಿದೆ. ತೋಟದ ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್, ಪೇಟೆಯಿಂದ ಮನೆಗೆ ಮೂರು: ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ಇಷ್ಟೇ ಓಡಿದರೆ ಹೀಗಾಗುತ್ತದೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದರೂ ಅದು ತೋರಿಸುವುದು ಕೂಲಂಟಿನ ಬಿಸಿ. ಆಯಿಲ್ ಕಾಯಲು ಅದಕ್ಕಿಂತ ಬಹಳ ಹೊತ್ತು ಬೇಕು. ಒಳಗೆ ಹನಿಗಟ್ಟಿದ ತೇವ ಆವಿಯಾಗಿ ಹೋಗುವ ಮೊದಲೇ ಇಂಜಿನ್ ಆರುತ್ತದೆ. ಕೆನೆ ಮುಚ್ಚಳದಲ್ಲಿ ಮಾತ್ರ ಇದ್ದು ಡಿಪ್‌ಸ್ಟಿಕ್ ಶುದ್ಧವಾಗಿದ್ದರೆ ಆಯಿಲ್ ಬದಲಿಸಿದರೆ ಸಾಕು. ಡಿಪ್‌ಸ್ಟಿಕ್ಕಿನಲ್ಲೂ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ, ಜೊತೆಗೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಅದು ಹೆಡ್ ಗ್ಯಾಸ್ಕೆಟ್ಟಿನ ವಿಷಯ. ವಿವಿಟಿ ಕೆಲಸ ಅಲ್ಲಿಗೇ ನಿಲ್ಲಿಸಿ.

ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಜೋರಾಗಿದ್ದು ಮಟ್ಟ ಮೇಲಿನ ಗುರುತನ್ನೂ ದಾಟಿದ್ದರೆ ಆಯಿಲ್ ಕಡಿಮೆಯಾಗಿಲ್ಲ, ತೆಳುವಾಗಿದೆ. ಇದೂ ಅಲ್ಪದೂರದ ಓಡಾಟದ ಕಾಣಿಕೆ.

ಮೂರನೆಯದು ಗ್ರೇಡ್. "ಘಾಟಿ ಗಾಡಿಗೆ ದಪ್ಪ ಆಯಿಲ್ ಹಾಕ್ಸಿ, ಇಂಜಿನ್ ಗಟ್ಟಿ ಇರುತ್ತೆ" ಎಂಬ ಸಲಹೆ ಹಳೆಯ ಡೀಸೆಲ್ ಜೀಪುಗಳ ಕಾಲದಿಂದ ಬಂದದ್ದು. ವಿವಿಟಿ ಇಂಜಿನ್ನಿಗೆ 20ಡಬ್ಲ್ಯು-50 ಸುರಿದರೆ ಡಿಸೆಂಬರ್ ಬೆಳಗ್ಗೆ ಅದು ಫೇಸರಿನ ಸಣ್ಣ ಓಣಿಗಳಲ್ಲಿ ಬೆಲ್ಲದ ಪಾಕದಂತೆ ತೆವಳುತ್ತದೆ. ಕ್ಯಾಮ್ ತಡವಾಗಿ ಸರಿಯುತ್ತದೆ, ಇಸಿಯು ಕಾದು ಕಾದು ಕೋಡ್ ಹಾಕುತ್ತದೆ. ಮ್ಯಾನ್ಯುಯಲ್ ಪುಸ್ತಕದಲ್ಲಿ 0ಡಬ್ಲ್ಯು-20 ಎಂದಿದ್ದರೆ 0ಡಬ್ಲ್ಯು-20, 5ಡಬ್ಲ್ಯು-30 ಎಂದಿದ್ದರೆ 5ಡಬ್ಲ್ಯು-30. ಇದರಲ್ಲಿ ಚೌಕಾಸಿ ಬೇಡ.

ಅನುಮಾನ ಬಂದರೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ. ಇಂಜಿನ್ ಬಿಸಿಯಿರುವಾಗಲೇ, ಕೈ ಸುಡದಂತೆ ನೋಡಿಕೊಂಡು, ಡ್ರೈನ್ ಬೋಲ್ಟ್ ಬಿಚ್ಚಿ 15 ನಿಮಿಷ ಸುರಿಯಲು ಬಿಡಿ. ಫಿಲ್ಟರ್ ಕಂಪನಿಯದೇ ಹಾಕಿ. ಗಾಡಿ ನಿಂತಾಗ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ಕವಾಟ ಅಗ್ಗದ ಫಿಲ್ಟರಿನಲ್ಲಿ ಬೇಗ ಗಟ್ಟಿಯಾಗುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನ ಗರ್ ಶಬ್ದಕ್ಕೆ ಎಷ್ಟೋ ಸಲ ಅದೇ ಮೂಲ.

ಎಚ್ಚರಿಕೆ: ವರ್ಷಗಟ್ಟಲೆ ಆಯಿಲ್ ಬದಲಿಸದ ಇಂಜಿನ್ನಿಗೆ ಫ್ಲಶ್ ಎಂಬ ಡಬ್ಬಿ ಸುರಿಯಬೇಡಿ. ಗೋಡೆಗೆ ಅಂಟಿದ ಜಿಡ್ಡು ಒಮ್ಮೆಲೇ ಎದ್ದು ಪಂಪಿನ ಹೀರುಬಾಯಿಗೂ ವಿವಿಟಿಯ ಜಾಲರಿಗೂ ಹೋಗಿ ಕೂರುತ್ತದೆ. ಅದರ ಬದಲು ಸರಿಯಾದ ಹೊಸ ಆಯಿಲ್ ಹಾಕಿ 1000 ಕಿ.ಮೀ. ಓಡಿಸಿ ಮತ್ತೊಮ್ಮೆ ಬದಲಿಸಿ.

ಈಗ ಕೋಡ್ ಅಳಿಸಿ, ನಾಲ್ಕೈದು ಸಲ ಚೆನ್ನಾಗಿ ಕಾಯುವಷ್ಟು ದೂರ ಓಡಿಸಿ. ಕೋಡ್ ಬರದಿದ್ದರೆ ಕೆಲಸ ಮುಗಿಯಿತು. ಮುಂದಿನ ಹಂತಗಳನ್ನು ಬಿಚ್ಚುವ ಚಪಲಕ್ಕಾಗಿ ಮಾಡಬೇಡಿ.

ಹಂತ 3: ಓಡುವ ಇಂಜಿನ್ನಿನ ಲೆಕ್ಕ ನೋಡಿ

ಕೋಡ್ ಮರಳಿತೆ? ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಕ್ಯಾಮಿನ ಬೇಕಾದ ಕೋನ ಮತ್ತು ನಿಜವಾದ ಕೋನ ಎಂಬ ಎರಡು ಸಾಲು ಹುಡುಕಿ. ಉಚಿತ ಆ್ಯಪುಗಳು ಹಲವು ಗಾಡಿಗಳಲ್ಲಿ ಇದನ್ನು ತೋರಿಸುವುದಿಲ್ಲ. ಹಾಗಿದ್ದರೆ ಕಂಪನಿಯ ಪ್ರೋಟೋಕಾಲ್ ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ ಇದೊಂದನ್ನು ಮಾತ್ರ ನೋಡಿಸಿಕೊಂಡು ಬನ್ನಿ. ಶಿವಮೊಗ್ಗದಲ್ಲಾದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿ.

ಕೂಲಂಟ್ 80 ಡಿಗ್ರಿ ದಾಟಿದ ಮೇಲೆ, ನ್ಯೂಟ್ರಲ್‌ನಲ್ಲಿ 2000–2500 ಆರ್‌ಪಿಎಂ ಹಿಡಿದು ಎರಡೂ ಸಂಖ್ಯೆ ಗಮನಿಸಿ. ಆರೋಗ್ಯವಂತ ಇಂಜಿನ್ನಿನಲ್ಲಿ ನಿಜದ ಕೋನ ಬೇಕಾದ ಕೋನವನ್ನು ಒಂದೆರಡು ಡಿಗ್ರಿ ಅಂತರದಲ್ಲಿ ನೆರಳಿನಂತೆ ಹಿಂಬಾಲಿಸುತ್ತದೆ.

ನಿಜದ ಕೋನ ಸೊನ್ನೆಯಿಂದ ಕದಲದಿದ್ದರೆ ಆಯಿಲ್ ಫೇಸರಿಗೆ ಹೋಗುತ್ತಿಲ್ಲ, ಅಥವಾ ಫೇಸರನ್ನು ಹಿಡಿದಿಡುವ ಲಾಕ್ ಪಿನ್ ಬಿಡುತ್ತಿಲ್ಲ. ಮುಂದಕ್ಕೆ ಹೋಗಿ ಅಲ್ಲೇ ನಿಂತು, ಐಡ್ಲಿಂಗ್‌ಗೆ ಬಂದಾಗ ಇಂಜಿನ್ ಕುಲುಕಿ ಆರಿಹೋಗುವಂತಾದರೆ ಸ್ಪೂಲ್ ತೆರೆದ ಸ್ಥಿತಿಯಲ್ಲೇ ಹಿಡಿದುಕೊಂಡಿದೆ. ಹೋಗುತ್ತದೆ, ಆದರೆ ಸೋಮಾರಿ ಎತ್ತಿನ ಹಾಗೆ ಹಿಂದೆ ಬೀಳುತ್ತದೆ ಎಂದಾದರೆ ಜಾಲರಿ ಕಟ್ಟಿದೆ ಅಥವಾ ಒತ್ತಡ ಸಾಲದು. ಎಲ್ಲ ವೇಗದಲ್ಲೂ ಒಂದೇ ಪ್ರಮಾಣದ ವ್ಯತ್ಯಾಸ ಉಳಿದರೆ ಚೈನ್ ಹಿಗ್ಗಿದೆ ಎಂದು ಅನುಮಾನಿಸಿ.

ಹಂತ 4: ವೈರು ಮತ್ತು ಕಾಯಿಲ್

ಇಗ್ನಿಷನ್ ಆಫ್ ಮಾಡಿ. ಸೊಲೆನಾಯ್ಡ್ ಸಾಮಾನ್ಯವಾಗಿ ಟೈಮಿಂಗ್ ಚೈನ್ ಇರುವ ಕಡೆ, ಸಿಲಿಂಡರ್ ಹೆಡ್ಡಿನ ಮೇಲ್ಭಾಗದಲ್ಲಿ ಅಥವಾ ಚೈನ್ ಕವರಿನಲ್ಲಿ ಇರುತ್ತದೆ. ಎರಡು ಪಿನ್ನಿನ ಕನೆಕ್ಟರ್. ಲಾಕ್ ಒತ್ತಿ ಕನೆಕ್ಟರಿನ ಒಡಲು ಹಿಡಿದು ಎಳೆಯಿರಿ, ವೈರು ಹಿಡಿದು ಎಳೆಯಬೇಡಿ.

ಸೊಲೆನಾಯ್ಡಿನ ಎರಡು ಪಿನ್ನಿಗೆ ಮಲ್ಟಿಮೀಟರ್ ಇಡಿ. ತಣ್ಣಗಿರುವಾಗ ಅನೇಕ ಗಾಡಿಗಳಲ್ಲಿ 6.5ರಿಂದ 8 ಓಮ್ ಬರುತ್ತದೆ. ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ, ಸೊನ್ನೆಯ ಹತ್ತಿರ ಬಂದರೆ ಒಳಗೇ ಶಾರ್ಟ್ ಆಗಿದೆ. ಈ ಎರಡು ಸಂದರ್ಭಗಳಲ್ಲಿ ಮಾತ್ರ ಬೇರೆ ಯೋಚನೆಯಿಲ್ಲದೆ ಹೊಸದು ಕೊಳ್ಳಿ. ಒಂದೊಂದೇ ಪಿನ್ ಮತ್ತು ಸೊಲೆನಾಯ್ಡಿನ ಲೋಹದ ಮೈ ನಡುವೆಯೂ ಅಳೆಯಿರಿ. ಅಲ್ಲಿ ಯಾವ ಸಂಪರ್ಕವೂ ಇರಕೂಡದು.

ಇನ್ನು ವೈರಿಂಗ್. ಅಡಿಕೆ ಒಣಗಿಸುವ ಶೆಡ್ಡಿನಲ್ಲಿ, ಕೊಟ್ಟಿಗೆಯ ಪಕ್ಕದಲ್ಲಿ ಗಾಡಿ ನಿಲ್ಲಿಸುವವರು ಮೊದಲು ಇಲಿ ಕಡಿದ ಗುರುತು ಹುಡುಕಬೇಕು. ಇಂಜಿನ್ ಮೇಲೆ ಅಡಿಕೆ ಸಿಪ್ಪೆ, ಹುಲ್ಲು, ಹಿಕ್ಕೆ ಕಂಡರೆ ಹಾರ್ನೆಸ್ಸಿನ (ವೈರುಗಳ ಕಟ್ಟಿನ) ಅಡಿಭಾಗವನ್ನು ಕೈಯಿಂದ ಸವರಿ ನೋಡಿ. ಮೇಲಿನಿಂದ ನೋಡಿದರೆ ಕಾಣದು. ಕನೆಕ್ಟರಿನೊಳಗೆ ಹಸಿರು ಪುಡಿ ಇದ್ದರೆ ನೀರು ಹೋಗಿದೆ. ಆಯಿಲ್ ಇದ್ದರೆ ಸೊಲೆನಾಯ್ಡಿನ ಒಳಸೀಲ್ ಹೋಗಿದೆ, ಅದು ಶುಚಿ ಮಾಡಿದರೆ ನಿಲ್ಲುವುದಿಲ್ಲ, ಬದಲಿಸಬೇಕು.

ಪರೀಕ್ಷೆಗೆಂದು ವೈರಿನ ಪ್ಲಾಸ್ಟಿಕ್ಕಿಗೆ ಸೂಜಿ ಚುಚ್ಚಬೇಡಿ. ನಮ್ಮ ಮಳೆಗೆ ಆ ತೂತು ಸಾಕು, ಮುಂದಿನ ವರ್ಷ ತಾಮ್ರ ಒಳಗೇ ಕೊಳೆತಿರುತ್ತದೆ. ಹಾಗೆಯೇ ಬ್ಯಾಟರಿಯ 12 ವೋಲ್ಟನ್ನು ಸೊಲೆನಾಯ್ಡಿಗೆ ಕೊಡಬಹುದೇ ಹೊರತು ಗಾಡಿಯ ಕಡೆಯ ಕನೆಕ್ಟರಿಗೆ ಎಂದೂ ಕೊಡಬೇಡಿ. ಆ ತುದಿಯಲ್ಲಿ ಇಸಿಯು ಕೂತಿದೆ.

ಹಂತ 5: ಬಿಚ್ಚಿ ನೋಡುವುದು

ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಸೊಲೆನಾಯ್ಡಿನ ಸುತ್ತಲಿನ ಕೆಮ್ಮಣ್ಣಿನ ಧೂಳನ್ನು ಬ್ರಶ್ಶಿನಿಂದ, ಸಾಧ್ಯವಾದರೆ ಗಾಳಿಯಿಂದ ತೆಗೆಯಿರಿ. ಈ ಐದು ನಿಮಿಷ ಉಳಿಸಲು ಹೋದವರು ಮಣ್ಣನ್ನು ತಾವೇ ಆಯಿಲ್ ದಾರಿಗೆ ಬೀಳಿಸುತ್ತಾರೆ. ಕೆಳಗಿರುವ ಆಲ್ಟರ್ನೇಟರ್ ಬೆಲ್ಟಿನ ಮೇಲೆ ಬಟ್ಟೆ ಹಾಸಿ. ಬಿಚ್ಚಿದಾಗ ಒಂದೆರಡು ಚಮಚ ಆಯಿಲ್ ಸುರಿಯುತ್ತದೆ, ಬೆಲ್ಟಿಗೆ ತಗುಲಿದರೆ ಆಮೇಲೆ ಕಿರ್ರೆನ್ನುತ್ತದೆ.

10 ಎಂಎಂ ಬೋಲ್ಟ್ ತೆಗೆದು, ಸೊಲೆನಾಯ್ಡಿನ ಲೋಹದ ಮೈ ಹಿಡಿದು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸುತ್ತ ಮೇಲಕ್ಕೆ ಎಳೆಯಿರಿ. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಅಲ್ಯೂಮಿನಿಯಂ ಮೇಲ್ಮೈಗೆ ಗೀರು ಬಿದ್ದು ಶಾಶ್ವತ ಸೋರಿಕೆ ಶುರುವಾಗುತ್ತದೆ. ಪ್ಲಾಸ್ಟಿಕ್ ಕನೆಕ್ಟರ್ ಹಿಡಿದು ಎಳೆದರೆ ಅದೇ ಮುರಿದು ಕೈಗೆ ಬರುತ್ತದೆ. ಹಳೆಯ ಓರಿಂಗ್ ಸೊಲೆನಾಯ್ಡ್ ಜೊತೆಗೇ ಬಂತೇ ನೋಡಿ. ತೂತಿನಲ್ಲೇ ಉಳಿದಿದ್ದರೆ ತೆಗೆಯಿರಿ, ಎರಡು ಓರಿಂಗ್ ಮೇಲೊಂದು ಕೂತರೆ ಸೋರುವುದು ಖಂಡಿತ.

ಈಗ ಬಿಳಿ ಬಟ್ಟೆ. ಸೊಲೆನಾಯ್ಡಿನ ಮೈಮೇಲೆ ಉಂಗುರದಂತೆ ಸುತ್ತಿದ ಸಣ್ಣ ಜಾಲರಿಗಳಿದ್ದರೆ ಅವನ್ನು ಬಟ್ಟೆಯ ಮೇಲೆ ಮೆಲ್ಲಗೆ ತಟ್ಟಿ. ಕೆಲವು ಟೊಯೊಟಾ ಇಂಜಿನ್ನುಗಳಲ್ಲಿ ಜಾಲರಿ ಸೊಲೆನಾಯ್ಡಿನಲ್ಲಿರದೆ ಪಕ್ಕದ ಒಂದು ಬೋಲ್ಟಿನ ಹಿಂದೆ ಪ್ರತ್ಯೇಕವಾಗಿರುತ್ತದೆ. ಸೊಲೆನಾಯ್ಡ್ ಎರಡು ಸಲ ಬದಲಿಸಿಯೂ ಅದೇ ಕೋಡ್ ಬರುವ ಗಾಡಿಗಳಲ್ಲಿ ಈ ಜಾಲರಿಯನ್ನು ಯಾರೂ ತೆಗೆದು ನೋಡಿರುವುದಿಲ್ಲ.

ಬಟ್ಟೆಯ ಮೇಲೆ ಬಿದ್ದದ್ದನ್ನು ಬೆಳಕಿನಲ್ಲಿ ನೋಡಿ:

- ಕಪ್ಪು, ಬೆರಳಲ್ಲಿ ಉಜ್ಜಿದರೆ ಕಾಡಿಗೆಯಂತೆ ಹರಡುವುದು: ಸುಟ್ಟ ಆಯಿಲಿನ ಜಿಡ್ಡು. ಶುಚಿ ಮಾಡಿ, ಆಯಿಲ್ ಬದಲಿಸುವ ಅವಧಿ ಕಡಿಮೆ ಮಾಡಿ.
- ಬೂದು, ಕಿತ್ತಳೆ ಅಥವಾ ಕಪ್ಪು ಬಣ್ಣದ, ಎಳೆದರೆ ಹಿಗ್ಗುವ ರಬ್ಬರಿನ ಎಳೆ: ಯಾರೋ ಸಂಪ್ ಅಥವಾ ಚೈನ್ ಕವರ್ ಬಿಚ್ಚಿ ಸಿಲಿಕೋನ್ ಅಂಟನ್ನು ಧಾರಾಳವಾಗಿ ಬಳಿದಿದ್ದಾರೆ. ಹೊರಗೆ ಇಣುಕಿದಷ್ಟೇ ಅಂಟು ಒಳಗೂ ಇಣುಕಿರುತ್ತದೆ, ಕಿತ್ತು ಬಂದಿರುತ್ತದೆ. ಸಂಪ್ ಇಳಿಸಿ ಪಂಪಿನ ಹೀರುಬಾಯಿಯನ್ನೂ ನೋಡಬೇಕು.
- ಹೊಳೆಯುವ ಚೂರು: ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು, ಅಂದರೆ ಚೈನ್ ಅಥವಾ ಹಲ್ಲುಚಕ್ರದ ಕಡೆಯದು. ಅಂಟದ ಬೆಳ್ಳಿ ಬಣ್ಣದ್ದು ಅಲ್ಯೂಮಿನಿಯಂ. ತಾಮ್ರದ ಬಣ್ಣ ಕಂಡರೆ ಬೇರಿಂಗ್. ಮೂರರಲ್ಲಿ ಯಾವುದೇ ಆದರೂ ಗಾಡಿ ಸ್ಟಾರ್ಟ್ ಮಾಡದೆ ಮೇಸ್ತ್ರಿಯನ್ನು ಕರೆಸಿ.

ಜಾಲರಿಗೆ ಬ್ರೇಕ್ ಕ್ಲೀನರ್ ಸಿಂಪಡಿಸಿ, ಒಳಗಿನಿಂದ ಹೊರಕ್ಕೆ ಊದಿ. ಹರಿದಿದ್ದರೆ ಅಂಟಿಸುವ ಸಾಹಸ ಬೇಡ, ಹೊಸದು ಹಾಕಿ. ಜಾಲರಿಯೇ ಬೇಡವೆಂದು ಕಿತ್ತುಬಿಡುವವರೂ ಇದ್ದಾರೆ. ಆಮೇಲೆ ಆ ಕಸ ನೇರ ಫೇಸರಿನೊಳಗೆ ಹೋಗುತ್ತದೆ.

ಸ್ಪೂಲ್ ಪರೀಕ್ಷೆ ಹೀಗೆ: ಫ್ಯೂಸ್ ಇರುವ ವೈರಿನಿಂದ ಸೊಲೆನಾಯ್ಡಿನ ಒಂದು ಪಿನ್ನಿಗೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಮುಟ್ಟಿಸಿ. ಒಂದೆರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಕಾಯಿಲ್ ಬಿಸಿಯಾಗುತ್ತದೆ. ಬ್ಯಾಟರಿಯ ಬಳಿ ಕಿಡಿ ಹಾರಬಾರದು. ಬ್ರೇಕ್ ಕ್ಲೀನರ್ ಆವಿ ಇನ್ನೂ ಆರಿಲ್ಲದಿದ್ದರೆ ಕಾಯಿರಿ. ಟಕ್ ಎಂಬ ಸದ್ದು ಬಂದರೆ ಸಾಲದು. ಪಕ್ಕದ ಕಿಂಡಿಯಿಂದ ಕಣ್ಣಿಟ್ಟು ನೋಡಿ: ಒಳಗಿನ ಸ್ಪೂಲ್ ಪೂರ್ತಿ ಸರಿದು, ವೈರು ತೆಗೆದ ಕೂಡಲೇ ಸ್ಪ್ರಿಂಗಿನಿಂದ ಪೂರ್ತಿ ವಾಪಸ್ ಬರಬೇಕು. ಮಧ್ಯದಲ್ಲಿ ತಡವರಿಸಿದರೆ ಬ್ರೇಕ್ ಕ್ಲೀನರ್ ಸಿಂಪಡಿಸಿ ಹತ್ತು ಹದಿನೈದು ಸಲ ಬಿಟ್ಟು ಬಿಟ್ಟು ಕರೆಂಟ್ ಕೊಡಿ; ಪ್ರತಿ ಸಲ ಸಿಂಪಡಿಸಿದ ಮೇಲೂ ಆವಿ ಆರಲಿ. ಆಗಲೂ ಹಿಡಿದರೆ ಅಥವಾ ಸ್ಪೂಲಿನ ಮೇಲೆ ಉದ್ದಕ್ಕೆ ಗೀರು ಕಂಡರೆ ಸೊಲೆನಾಯ್ಡ್ ಬದಲಿಸಿ. ಮರಳುಕಾಗದ, ತಂತಿ ಬ್ರಶ್ ಹತ್ತಿರ ತರಬೇಡಿ. ಸ್ಪೂಲಿಗೂ ಕೊಳವೆಗೂ ನಡುವಿನ ಸಂದು ಕೂದಲಿಗಿಂತ ಸಣ್ಣದು, ಒಮ್ಮೆ ಉಜ್ಜಿದರೆ ಅದು ಆಯಿಲ್ ಹಿಡಿದಿಡುವುದಿಲ್ಲ.

ಹಂತ 6: ವಾಪಸ್ ಕೂರಿಸುವುದು

ಹೊಸ ಓರಿಂಗಿಗೆ ಇಂಜಿನ್ ಆಯಿಲ್ ಸವರಿ. ಬ್ರೇಕ್ ಕ್ಲೀನರ್ ತಗುಲಿದ ರಬ್ಬರ್ ಉಬ್ಬುತ್ತದೆ, ಆದ್ದರಿಂದ ಮೊದಲು ಶುಚಿ, ಒಣಗಿದ ಮೇಲೆ ಓರಿಂಗ್. ಸೊಲೆನಾಯ್ಡನ್ನು ನೇರವಾಗಿ ಕೈಯಿಂದಲೇ ಒತ್ತಿ ಕೂರಿಸಿ. ಬೋಲ್ಟ್ ಬಿಗಿದು ಎಳೆದು ಕೂರಿಸಿದರೆ ಓರಿಂಗ್ ಕತ್ತರಿಸುತ್ತದೆ. ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಅಲ್ಯೂಮಿನಿಯಂ ಹೆಡ್ಡಿನ ಮರೆ ಒಮ್ಮೆ ಹೋದರೆ ಹತ್ತು ನಿಮಿಷದ ಕೆಲಸ ಎರಡು ದಿನದ್ದಾಗುತ್ತದೆ.

ಸ್ಟಾರ್ಟ್ ಮಾಡಿ, ರೇಸ್ ಮಾಡದೆ ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಖಾಲಿಯಾದ ಓಣಿಗಳಿಗೆ ಆಯಿಲ್ ತುಂಬುವ ತನಕ ಸ್ವಲ್ಪ ಕಟಕಟ ಸಹಜ. ಸೋರಿಕೆ ನೋಡಿ, ಕೋಡ್ ಅಳಿಸಿ.

ಹಂತ 7: ಫೇಸರ್ ಬದುಕಿದೆಯೇ?

ಇಷ್ಟಾದರೂ ಕೋಡ್ ಬಂದರೆ ಮಾತ್ರ ಈ ಪರೀಕ್ಷೆ. ಇದು ಇನ್‌ಟೇಕ್ ಕ್ಯಾಮಿನ ಫೇಸರಿಗೆ.

ಇಂಜಿನ್ ಚೆನ್ನಾಗಿ ಕಾಯಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಬಿಡಿ. ಸೊಲೆನಾಯ್ಡಿನ ಕನೆಕ್ಟರ್ ತೆಗೆದು, ಫ್ಯೂಸ್ ವೈರಿನಿಂದ ಸೊಲೆನಾಯ್ಡಿಗೇ 12 ವೋಲ್ಟ್ ಕೊಡಿ. ಎರಡು ಮೂರು ಸೆಕೆಂಡಿನೊಳಗೆ ಇಂಜಿನ್ ಕುಂಟಬೇಕು, ಅಥವಾ ಆರಿಹೋಗಬೇಕು. ಹಾಗಾದರೆ ಸಂತೋಷ ಪಡಿ: ಆಯಿಲ್, ಸ್ಪೂಲ್, ಫೇಸರ್ ಮೂರೂ ಸರಿ, ತೊಂದರೆ ವೈರಿಂಗ್ ಅಥವಾ ಸೆನ್ಸರಿನಲ್ಲಿದೆ. ಏನೂ ಬದಲಾಗದಿದ್ದರೆ ಆಯಿಲ್ ತಲುಪುತ್ತಿಲ್ಲ, ಇಲ್ಲವೇ ಫೇಸರ್ ಹಿಡಿದುಕೊಂಡಿದೆ. ಕನೆಕ್ಟರ್ ತೆಗೆದಿದ್ದಕ್ಕೆ ಪಿ0010 ಬರುತ್ತದೆ, ಅದನ್ನು ಅಳಿಸಿದರಾಯಿತು.

ಅಂಗಿಯ ತೋಳು, ವೈರು, ಬಟ್ಟೆ ಯಾವುದೂ ತಿರುಗುವ ಬೆಲ್ಟಿನ ಹತ್ತಿರ ಇರಬಾರದು. ಪಂಚೆ ಉಟ್ಟು ಮಾಡುವ ಕೆಲಸವಂತೂ ಅಲ್ಲ.

ಹಂತ 8: ಆಯಿಲ್ ಒತ್ತಡ

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಹತ್ತಿಲ್ಲ, ಹಾಗಾಗಿ ಒತ್ತಡ ಸರಿಯಿದೆ ಎಂದುಕೊಳ್ಳಬೇಡಿ. ಆ ಸ್ವಿಚ್ಚು ಒತ್ತಡ ಬಹುತೇಕ ಸತ್ತ ಮೇಲೆ ಮಾತ್ರ ಕೂಗುತ್ತದೆ. ಫೇಸರಿಗೆ ಬೇಕಾದದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ ಅಲ್ಲಿ ಗೇಜ್ ಹಾಕಿ. ಜಪಾನ್ ಮೂಲದ ಬಹಳಷ್ಟು ಇಂಜಿನ್ನುಗಳಲ್ಲಿ ಆ ಮರೆ 1/8 ಬಿಎಸ್‌ಪಿಟಿ. ಅಮೆರಿಕನ್ ಅಳತೆಯ 1/8 ಎನ್‌ಪಿಟಿ ಅಡಾಪ್ಟರ್ ಒತ್ತಾಯದಿಂದ ತಿರುಗಿಸಿದರೆ ಬ್ಲಾಕ್ ಬಿರುಕು ಬಿಡಬಹುದು. ಇಂಜಿನ್ ಕಾದ ಮೇಲೆ ಐಡ್ಲಿಂಗ್‌ನಲ್ಲಿ ಮತ್ತು 3000 ಆರ್‌ಪಿಎಂನಲ್ಲಿ ಓದಿ, ಮ್ಯಾನ್ಯುಯಲ್‌ನ ಸಂಖ್ಯೆಗೆ ಹೋಲಿಸಿ. ಬಿಸಿ ಐಡ್ಲಿಂಗ್‌ನಲ್ಲಿ ಅರ್ಧ ಬಾರ್ ಕೂಡ ಇಲ್ಲ, 3000ದಲ್ಲಿ 2 ಬಾರ್ ದಾಟುತ್ತಿಲ್ಲ ಎಂದಾದರೆ ತೊಂದರೆ ವಿವಿಟಿಯದ್ದಲ್ಲ. ಹೀರುಬಾಯಿ, ಪಂಪ್, ಬೇರಿಂಗ್ ಕಡೆ ನೋಡಬೇಕು.

ಹಂತ 9: ಫೇಸರ್ ಮತ್ತು ಚೈನ್

ಒತ್ತಡ ಸರಿ, ಸೊಲೆನಾಯ್ಡ್ ಸರಿ, ಆದರೂ ಕ್ಯಾಮ್ ಕದಲುವುದಿಲ್ಲ. ಅಥವಾ ಬೆಳಗ್ಗೆ ಸ್ಟಾರ್ಟ್ ಮಾಡಿದ ಒಂದೆರಡು ಸೆಕೆಂಡು ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು, ಹೊಸ ಫಿಲ್ಟರ್ ಹಾಕಿದರೂ ಹೋಗಿಲ್ಲ. ಆಗ ಚೈನ್ ಕವರ್ ಬಿಚ್ಚಲೇಬೇಕು. ಇದನ್ನು ಅಂಗಳದಲ್ಲಿ ಮಾಡಬೇಡಿ. ಹೆಚ್ಚಿನ ವಿವಿಟಿ ಇಂಜಿನ್ನುಗಳಲ್ಲಿ ಟೈಮಿಂಗ್ ತಪ್ಪಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗುತ್ತದೆ. ಗ್ಯಾರೇಜಿಗೆ ಕೊಟ್ಟಾಗ ನೀವು ಕೇಳಿ ಖಚಿತ ಮಾಡಿಕೊಳ್ಳಬೇಕಾದದ್ದು ಇಷ್ಟು:

1. ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ ಮೊದಲ ಸಿಲಿಂಡರನ್ನು ಟಿಡಿಸಿಗೆ (ಪಿಸ್ಟನ್ ತೀರ ಮೇಲಿರುವ ಸ್ಥಾನಕ್ಕೆ) ತಂದು, ಗುರುತುಗಳ ಫೋಟೋ ತೆಗೆದಿಡಲಿ. ಹಿಂದಕ್ಕೆ ತಿರುಗಿಸಿದರೆ ಚೈನ್ ಸಡಿಲಾಗಿ ಹಲ್ಲು ಹಾರಬಹುದು.
2. ಫೇಸರಿನ ನಡುಬೋಲ್ಟ್ ಬಿಚ್ಚುವಾಗ ಕ್ಯಾಮ್‌ಶಾಫ್ಟಿನ ಷಟ್ಕೋನ ಭಾಗವನ್ನು ಸ್ಪ್ಯಾನರಿನಿಂದ ಹಿಡಿಯಲಿ. ಚೈನ್ ಬಿಗಿತದ ಮೇಲೆ ಭಾರ ಹಾಕಿ ಬಿಚ್ಚಿದರೆ ಲಾಕ್ ಪಿನ್ ಮುರಿಯುತ್ತದೆ.
3. ಚೈನ್ ಹಿಗ್ಗಿದ್ದರೆ ಗೈಡ್, ಟೆನ್ಷನರ್ ಜೊತೆಗೇ ಹೊಸದಾಗಲಿ. ಕೂಲಿ ಒಂದೇ.
4. ಕವರ್ ಮುಚ್ಚುವಾಗ ಸಿಲಿಕೋನ್ ಅಂಟು ಸುಮಾರು 3 ಎಂಎಂ ಅಗಲದ ಒಂದೇ ಎಳೆ. ಇಂಜಿನ್‌ಗೆ ಆಯಿಲ್ ತುಂಬುವ ಮೊದಲು ಅಂಟು ಆರಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಲಿ.
5. ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ಪೂರ್ತಿ ತಿರುಗಿಸಿ ಗುರುತು ಮತ್ತೆ ನೋಡಲಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ನಿಲ್ಲಿಸಬೇಕು.

ಹೋಂಡಾ ಮತ್ತು ಯಮಹಾ ಇದ್ದವರಿಗೆ

ಅಮೇಜ್, ಸಿಟಿಯಂಥ ಕಾರುಗಳ ಸಿಂಗಲ್ ಕ್ಯಾಮ್ ಐ-ವಿಟೆಕ್‌ನಲ್ಲಿ ಕ್ಯಾಮ್ ತಿರುಗುವುದಿಲ್ಲ. ಆಯಿಲ್ ಒತ್ತಡದಿಂದ ಒಂದು ಪಿನ್ ಸರಿದು ವಾಲ್ವ್ ಒತ್ತುವ ರಾಕರ್‌ಗಳ ಜೋಡಣೆ ಬದಲಾಗುತ್ತದೆ. ಅದರ ಕೋಡುಗಳು ಪಿ2646ರಿಂದ ಪಿ2649. ಇಲ್ಲೂ ಆಯಿಲ್ ಮಟ್ಟವೇ ಮೊದಲ ಅನುಮಾನ, ಆಮೇಲೆ ಸ್ಪೂಲ್ ವಾಲ್ವಿನ ಅಡಿಯ ಜಾಲರಿ, ಆಮೇಲೆ ಪ್ರೆಶರ್ ಸ್ವಿಚ್. 7ನೇ ಹಂತದ ಪರೀಕ್ಷೆ ಇದಕ್ಕೆ ಅನ್ವಯಿಸದು.

ಯಮಹಾ ಆರ್15 ಮೂರನೇ ಆವೃತ್ತಿಯ ವಿವಿಎಯಲ್ಲಿ ಪಿನ್ ತಳ್ಳುವುದು ವಿದ್ಯುತ್ ಸೊಲೆನಾಯ್ಡೇ, 7400 ಆರ್‌ಪಿಎಂನಲ್ಲಿ. ಅಲ್ಲಿ ಜಾಲರಿ ಹುಡುಕಬೇಡಿ. ವೈರು, ಕನೆಕ್ಟರಿಗೆ ಹೊಕ್ಕ ನೀರು, ವಾಲ್ವ್ ಕ್ಲಿಯರೆನ್ಸ್ ನೋಡಿ.

ಹಂತ 10: ರಸ್ತೆಯಲ್ಲಿ

ಮೊದಲ 20 ಕಿ.ಮೀ. ಸಮತಟ್ಟು ರಸ್ತೆ. ಇಂಜಿನ್ ಕಾದ ಮೇಲೆ, ಹಿಂದೆ ಮುಂದೆ ಗಾಡಿಯಿಲ್ಲದಾಗ, ಮೂರನೇ ಗೇರಿನಲ್ಲಿ ನಿಧಾನಕ್ಕೆ ಆಕ್ಸಿಲರೇಟರ್ ಒತ್ತುತ್ತ 1500ರಿಂದ 3500 ಆರ್‌ಪಿಎಂಗೆ ಏರಿಸಿ. ಎಳೆತ ಒಂದೇ ಸಮನೆ ಏರಬೇಕು. ಮಧ್ಯದಲ್ಲಿ ಹಳ್ಳಕ್ಕೆ ಬಿದ್ದಂತೆ ಸೊರಗಬಾರದು. ಸಿಗ್ನಲ್ಲಿನಲ್ಲಿ ನಿಂತಾಗ ಐಡ್ಲಿಂಗ್ ಅಲುಗಾಡಬಾರದು. ಆಮೇಲೆ ಪೆಂಡಿಂಗ್ ಕೋಡ್ ನೋಡಿ. ಇದು ದೀಪ ಹತ್ತಿಸುವ ಮೊದಲೇ ಇಸಿಯು ಬರೆದಿಟ್ಟುಕೊಳ್ಳುವ ಅನುಮಾನ. ಅಲ್ಲಿಯೂ ಖಾಲಿಯಿದ್ದರೆ ಘಾಟಿಗೆ ಹೋಗಬಹುದು. ಸೋಮೇಶ್ವರದಿಂದ ಆಗುಂಬೆಗೆ ಹತ್ತುವುದೇ ಸರಿಯಾದ ಪರೀಕ್ಷೆ, ಇಳಿಯುವುದಲ್ಲ. ಮೇಲೆ ತಲುಪಿದ ಮೇಲೆ ಗಾಡಿ ಸಮ ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ, ಸೊಲೆನಾಯ್ಡಿನ ಬುಡಕ್ಕೆ ಬೆರಳಾಡಿಸಿ ಜಿಡ್ಡು ತಗುಲುತ್ತದೆಯೇ ನೋಡಿ.

1000 ಕಿ.ಮೀ. ಆದ ಮೇಲೆ ಜಾಲರಿಯನ್ನು ಇನ್ನೊಮ್ಮೆ ತೆಗೆದು ಅದೇ ಬಿಳಿ ಬಟ್ಟೆಯ ಮೇಲೆ ತಟ್ಟಿ, ಹಳೆಯ ಕಲೆಯ ಪಕ್ಕದಲ್ಲೇ. ಎರಡನೇ ಕಲೆ ಮೊದಲಿನದಕ್ಕಿಂತ ಬಹಳ ಸಣ್ಣದಿರಬೇಕು. ಅಷ್ಟೇ ದೊಡ್ಡದಿದ್ದರೆ ಇಂಜಿನ್ನಿನೊಳಗೆ ಜಿಡ್ಡು ಇನ್ನೂ ಉದುರುತ್ತಿದೆ. ಆಯಿಲ್, ಫಿಲ್ಟರ್ ಬದಲಿಸಿ ಮತ್ತೆ 1000 ಕಿ.ಮೀ.ಗೆ ನೋಡಿ.